ಭುಜಕ್ಕೆ ಬೇಡ ಅವಸರ: ಮೈಭಾರದ ಕಸರತ್ತಿಗೆ ತಾಳ್ಮೆಯೇ ಮೊದಲ ಪಾಠ

ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು ತಮ್ಮ 19 ವರ್ಷದ ಮಗನನ್ನು ಕರೆದುಕೊಂಡು ಬಂದರು. ಹುಡುಗ ಸೇನಾ ಭರ್ತಿಗಾಗಿ ತಯಾರಿ ನಡೆಸಿದ್ದ. ಓಟದಲ್ಲಿ ಅವನಿಗೆ ಭಯವಿರಲಿಲ್ಲ. ಆದರೆ ಕಂಬಿ ಹಿಡಿದು ಮೈಯನ್ನು ಮೇಲಕ್ಕೆ ಎಳೆಯುವ ಪರೀಕ್ಷೆಯೂ ಅಲ್ಲಿರುತ್ತದೆ. 10 ಸಲ ಎಳೆಯಬೇಕೆಂಬುದು ಅವನ ಗುರಿ. ಭರ್ತಿಗೆ ಎರಡು ತಿಂಗಳಿರುವಾಗ ಅಭ್ಯಾಸ ಆರಂಭಿಸಿದ. ಮೊದಲ ವಾರ 3 ಎಳೆತ, ನಾಲ್ಕನೆಯ ವಾರಕ್ಕೆ 7. ಹುರುಪು ಬಂದು ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕಂಬಿಗೆ ಜೋತುಬಿದ್ದ. ಭುಜದ ಮುಂಭಾಗದಲ್ಲಿ ನೋವು ಶುರುವಾದಾಗ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಮುಂದುವರಿಸಿದ. ಆರನೆಯ ವಾರ ನನ್ನ ಬಳಿ ಬಂದಾಗ ಅವನಿಗೆ ತಲೆ ಬಾಚಿಕೊಳ್ಳಲೂ ಕೈ ಏಳುತ್ತಿರಲಿಲ್ಲ.

ತಾಯಿ ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ: "ಡಾಕ್ಟ್ರೇ, ಇವನು ಒಂದು ಗುಂಡುಕಲ್ಲೂ ಎತ್ತಿಲ್ಲ. ಬರೀ ತನ್ನ ಮೈಯನ್ನ ತಾನು ಎತ್ತಿದ್ದಕ್ಕೆ ಭುಜ ಹೋಗುತ್ತದೆಯೇ?"

ಬಹಳ ಜನರ ಮನಸ್ಸಿನಲ್ಲಿರುವ ಪ್ರಶ್ನೆಯಿದು. ಜಿಮ್‌ನ ಕಬ್ಬಿಣ ಮುಟ್ಟಿದರೆ ಮಾತ್ರ ಅಪಾಯ, ಉಪಕರಣವಿಲ್ಲದ ಕಸರತ್ತು ಎಷ್ಟು ಮಾಡಿದರೂ ಸುರಕ್ಷಿತ ಎಂದು ನಾವು ತಿಳಿದಿದ್ದೇವೆ. ಮನೆಯಲ್ಲೇ ದಂಡ ಹೊಡೆಯುವವರು, ಮೈದಾನದ ಸಿಂಗಲ್ ಬಾರ್, ಡಬಲ್ ಬಾರ್‌ಗಳಲ್ಲಿ ಕಸರತ್ತು ಮಾಡುವ ತರುಣರು, ಮೊಬೈಲಿನಲ್ಲಿ ಜಿಮ್ನಾಸ್ಟಿಕ್ಸ್ ನೋಡಿ ರಿಂಗ್ಸ್ ಕಟ್ಟಿಕೊಳ್ಳುವ ಹುಡುಗರು ಈಗ ಹೆಚ್ಚುತ್ತಿದ್ದಾರೆ. ಇದು ಸಂತೋಷದ ವಿಷಯವೇ. ಆದರೆ ಈ ಕಸರತ್ತಿಗೂ ಒಂದು ಕ್ರಮವಿದೆ. ಅದನ್ನು ಇಂದು ತಿಳಿದುಕೊಳ್ಳೋಣ.

ಮೈಭಾರ ಎಂದರೆ ಎಷ್ಟು ಭಾರ?

ನಿಮ್ಮ ತೂಕ 60 ಕಿಲೋ ಎಂದುಕೊಳ್ಳಿ. ಕಂಬಿಗೆ ನೇತುಬಿದ್ದು ಮೇಲಕ್ಕೆ ಎಳೆದುಕೊಳ್ಳುವಾಗ ಆ 60 ಕಿಲೋ ಪೂರ್ತಿ ನಿಮ್ಮ ಎರಡು ಭುಜಗಳ ಮೇಲಿರುತ್ತದೆ. ನೆಲದ ಮೇಲೆ ದಂಡ ಹೊಡೆಯುವಾಗ ತೂಕದ ಸುಮಾರು ಮೂರರಲ್ಲಿ ಎರಡು ಪಾಲು, ಅಂದರೆ 40 ಕಿಲೋದಷ್ಟು, ಕೈಗಳ ಮೇಲೆ ಬೀಳುತ್ತದೆ. ಮಂಡಿಯೂರಿ ಮಾಡಿದರೆ ಸುಮಾರು ಅರ್ಧ. ಗೋಡೆಗೆ ಕೈಕೊಟ್ಟು ನಿಂತು ಮಾಡಿದರೆ ಅದಕ್ಕಿಂತ ಬಹಳ ಕಡಿಮೆ.

ಜಿಮ್‌ನಲ್ಲಿ 60 ಕಿಲೋ ಭಾರವನ್ನು ಮೊದಲ ದಿನವೇ ಯಾರೂ ಎತ್ತಲು ಹೋಗುವುದಿಲ್ಲ. 5 ಕಿಲೋದಿಂದ ಆರಂಭಿಸುತ್ತಾರೆ. ಆದರೆ ಕಂಬಿ ಕಂಡೊಡನೆ ಹಾರಿ ಹಿಡಿದು ಮೈ ಎಳೆಯುತ್ತೇವೆ. ಕಬ್ಬಿಣದ ಮೇಲೆ ತೂಕ ಬರೆದಿರುತ್ತದೆ, ಮೈಮೇಲೆ ಬರೆದಿಲ್ಲ. ವ್ಯತ್ಯಾಸ ಇಷ್ಟೇ.

ಹಾಗೆಂದು ಮೈಭಾರದ ಕಸರತ್ತಿನಲ್ಲಿ ಭಾರ ಕಡಿಮೆ ಮಾಡಲು ದಾರಿಯಿಲ್ಲವೇ? ಇದೆ. ದೇಹದ ಓರೆಯನ್ನು, ಕಾಲಿನ ಆಸರೆಯನ್ನು ಬದಲಿಸಿದರೆ ಭಾರ ಬದಲಾಗುತ್ತದೆ. ತಾಳ್ಮೆಯ ಅಭ್ಯಾಸವೆಲ್ಲ ನಿಂತಿರುವುದು ಈ ಒಂದು ಉಪಾಯದ ಮೇಲೆ.

ಭುಜವೇ ಏಕೆ ಮೊದಲು ಸೋಲುತ್ತದೆ?

ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡು ಆಳವಾದ ಬಟ್ಟಲಿನೊಳಗೆ ಕುಳಿತಿರುತ್ತದೆ. ಭುಜದ ಕೀಲು ಹಾಗಲ್ಲ. ಇಲ್ಲಿ ತೋಳುಮೂಳೆಯ ಗುಂಡು ದೊಡ್ಡದು, ಅದು ಕೂರುವ ಹೆಗಲೆಲುಬಿನ ಬಟ್ಟಲು ಚಿಕ್ಕದು ಮತ್ತು ಆಳವಿಲ್ಲದ್ದು. ಚಿಕ್ಕ ತಟ್ಟೆಯ ಮೇಲೆ ದೊಡ್ಡ ನಿಂಬೆಹಣ್ಣು ಇಟ್ಟಂತೆ ಎನ್ನಬಹುದು. ಅದರಿಂದಲೇ ನಾವು ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಬಲ್ಲೆವು. ಬೆನ್ನು ಉಜ್ಜಿಕೊಳ್ಳುವುದು, ಅಟ್ಟದ ಮೇಲಿನ ಡಬ್ಬ ಇಳಿಸುವುದು ಸಾಧ್ಯವಾಗುವುದು ಈ ಸ್ವಾತಂತ್ರ್ಯದಿಂದ. ಆದರೆ ಅದಕ್ಕೆ ತೆರುವ ಬೆಲೆಯೂ ಇದೆ. ದೇಹದ ದೊಡ್ಡ ಕೀಲುಗಳಲ್ಲಿ ಹೆಚ್ಚಾಗಿ ಜಾರುವುದು ಭುಜದ ಕೀಲೇ.

ಗುಂಡನ್ನು ಬಟ್ಟಲಿನ ನಡುವೆ ಹಿಡಿದಿಡುವ ಕೆಲಸ ನಾಲ್ಕು ಸಣ್ಣ ಸ್ನಾಯುಗಳದು. ಇವು ಹೆಗಲೆಲುಬಿನಿಂದ ಹೊರಟು ತೋಳುಮೂಳೆಯ ತಲೆಯನ್ನು ಪಟ್ಟಿಯಂತೆ ಸುತ್ತುವರಿದಿವೆ. ವೈದ್ಯರು ಇವನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಎದೆಯ, ಬೆನ್ನಿನ ದೊಡ್ಡ ಸ್ನಾಯುಗಳು ಎಳೆದಾಗ ಗುಂಡು ಅತ್ತಿತ್ತ ಸರಿಯದಂತೆ ಇವು ಕಾಯುತ್ತವೆ. ದೊಡ್ಡ ಸ್ನಾಯುಗಳು ಎತ್ತಿನಂತೆ ಗಾಡಿ ಎಳೆದರೆ, ಇವು ಅಚ್ಚಿಗೆ ಹಾಕಿದ ಕಡಾಣಿಯಂತೆ ಚಕ್ರವನ್ನು ಉಳಿಸುತ್ತವೆ. ಕಡಾಣಿ ಸಣ್ಣದು, ಕಳಚಿದರೆ ಗಾಡಿ ನಿಲ್ಲುತ್ತದೆ.

ಇನ್ನೊಂದು ಸಂಗತಿ. ಕೈಯನ್ನು ಪಕ್ಕದಿಂದ ತಲೆಯ ಮೇಲಕ್ಕೆ ಎತ್ತಿದರೆ ಅದು 180 ಡಿಗ್ರಿ ಸುತ್ತುತ್ತದೆ. ಇದರಲ್ಲಿ ಸುಮಾರು 120 ಡಿಗ್ರಿ ಭುಜದ ಕೀಲಿನದು, ಸುಮಾರು 60 ಡಿಗ್ರಿ ಹೆಗಲೆಲುಬು ಬೆನ್ನಿನ ಮೇಲೆ ಜಾರಿ ತಿರುಗುವುದರಿಂದ ಬರುವುದು. ದಿನವಿಡೀ ಕುರ್ಚಿಯಲ್ಲಿ ಬಗ್ಗಿ ಕುಳಿತು ಹೆಗಲೆಲುಬು ಬಿಗಿದಿದ್ದರೆ ಆ ಕೊರತೆಯನ್ನು ಭುಜದ ಕೀಲೇ ತುಂಬಬೇಕು. ಆಗ ಕೀಲಿನ ಮೇಲೆ ಹಾದುಹೋಗುವ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಮತ್ತೆ ಮತ್ತೆ ಒತ್ತಡಕ್ಕೆ ಸಿಕ್ಕಿ ನೋಯತೊಡಗುತ್ತದೆ.

ಸ್ನಾಯು ಬೇಗ, ಹುರಿ ನಿಧಾನ

ಆ ಹುಡುಗನ ಲೆಕ್ಕವನ್ನು ಮತ್ತೊಮ್ಮೆ ನೋಡಿ. ನಾಲ್ಕೇ ವಾರದಲ್ಲಿ 3 ಎಳೆತ 7 ಆಯಿತು. ಶಕ್ತಿ ಹೆಚ್ಚಿತೆಂದು ಅವನು ನಂಬಿದ. ಅದು ಸುಳ್ಳೇನಲ್ಲ. ಆದರೆ ಆರಂಭದ ವಾರಗಳಲ್ಲಿ ಹೆಚ್ಚುವ ಶಕ್ತಿಯ ಬಹುಪಾಲು ನರಗಳ ಕಲಿಕೆಯದು. ಇದ್ದ ಸ್ನಾಯುವನ್ನೇ ಹೆಚ್ಚು ಚೆನ್ನಾಗಿ ದುಡಿಸಲು ಮಿದುಳು ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ಆಮೇಲೆ. ಸ್ನಾಯುರಜ್ಜು ಗಟ್ಟಿಯಾಗುವುದು ಅದಕ್ಕೂ ನಿಧಾನ. ಅದಕ್ಕೆ ರಕ್ತದ ಸರಬರಾಜು ಕಡಿಮೆ, ಹಳೆಯ ನಾರು ಹೋಗಿ ಹೊಸ ನಾರು ಬರುವುದೂ ನಿಧಾನ. ವಾರಗಳ ಲೆಕ್ಕ ಅಲ್ಲಿ ನಡೆಯುವುದಿಲ್ಲ, ತಿಂಗಳುಗಳೇ ಬೇಕು.

ಆದ್ದರಿಂದ ಅಭ್ಯಾಸದ ಎರಡನೆಯ, ಮೂರನೆಯ ತಿಂಗಳು ಎಚ್ಚರದ ಕಾಲ. ಮೈಯಲ್ಲಿ ಕಸುವು ತುಂಬಿದೆ ಎನಿಸುತ್ತದೆ, ಆದರೆ ಕಸುವನ್ನು ಮೂಳೆಗೆ ಮುಟ್ಟಿಸುವ ಹುರಿ ಇನ್ನೂ ಹಳೆಯದೇ. ಹಳೆಯ ಹಗ್ಗಕ್ಕೆ ಹೊಸ ಎತ್ತು ಕಟ್ಟಿದಂತೆ.

ದೊಡ್ಡ ಜಿಮ್ನಾಸ್ಟರ ಚಿತ್ರ ನೋಡುವಾಗಲೂ ಇದನ್ನು ಮರೆಯಬಾರದು. ಸೋವಿಯತ್ ಒಕ್ಕೂಟದ ಆಲ್ಬರ್ಟ್ ಅಜಾರ್ಯನ್ 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ಗಳಲ್ಲಿ ರಿಂಗ್ಸ್ ವಿಭಾಗದ ಚಿನ್ನ ಗೆದ್ದವರು. ಎರಡೂ ಕೈ ಅಡ್ಡಕ್ಕೆ ಚಾಚಿ ಶಿಲುಬೆಯಂತೆ ನಿಲ್ಲುವ ಭಂಗಿಗೆ ಅವರು ಹೆಸರಾಗಿದ್ದರು. ಮೊಣಕೈ ನೇರವಾಗಿಟ್ಟು ಮೈ ಹೊರುವ ಇಂತಹ ಭಂಗಿಗಳಲ್ಲಿ ಮೊಣಕೈ ಮತ್ತು ಭುಜದ ಹುರಿಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಇಂತಹ ಭಂಗಿಗೆ ವರ್ಷಗಳ ಸಾಧನೆ ಬೇಕು. ಚಿತ್ರದಲ್ಲಿ ಕಾಣುವುದು ಕೊನೆಯ ಮೆಟ್ಟಿಲು ಮಾತ್ರ.

ಎಲ್ಲಿ ತಪ್ಪುತ್ತೇವೆ?

ಸಾಮಾನ್ಯವಾಗಿ ಕಾಣುವ ತಪ್ಪುಗಳು ಐದು.

1. ಮೈ ಜೋಲಿ ಹೊಡೆಸಿ ಎಣಿಕೆ ಹೆಚ್ಚಿಸುವುದು. ಕಾಲು ಬೀಸಿ ಎಳೆದಾಗ ಕೆಳಗಿಳಿಯುವ ಜಗ್ಗು ನೇರವಾಗಿ ಭುಜಕ್ಕೆ ಬೀಳುತ್ತದೆ.

2. ಭುಜಗಳನ್ನು ಕಿವಿಯವರೆಗೆ ಏರಿಸಿಕೊಂಡು, ಸ್ನಾಯು ಸಡಿಲ ಬಿಟ್ಟು, ಅಲ್ಲಿಂದ ಒಮ್ಮೆಲೇ ಜಗ್ಗುವುದು.

3. ಡಬಲ್ ಬಾರ್ ನಡುವೆ ತೀರ ಆಳಕ್ಕೆ ಇಳಿಯುವುದು. ಮೊಣಕೈಗಿಂತ ಭುಜ ಬಹಳ ಕೆಳಗಿಳಿದರೆ ಕೀಲಿನ ಮುಂಭಾಗ ಹಿಗ್ಗುತ್ತದೆ.

4. ದಂಡವನ್ನಷ್ಟೇ ನೂರಾರು ಹೊಡೆದು, ಎಳೆಯುವ ಕಸರತ್ತನ್ನು ಬಿಡುವುದು. ಎದೆ ಬಲಿತು, ಬೆನ್ನು ಸೊರಗಿ, ಭುಜ ಮುಂದಕ್ಕೆ ಬಾಗುತ್ತದೆ.

5. ಬಿಡುವಿಲ್ಲದ ಅಭ್ಯಾಸ. ಹುರಿ ರಿಪೇರಿಯಾಗುವುದು ನೀವು ವಿಶ್ರಾಂತಿ ಪಡೆಯುವಾಗ, ಕಂಬಿಯ ಮೇಲಿರುವಾಗ ಅಲ್ಲ.

ನೂಕುವ ಮೆಟ್ಟಿಲುಗಳು

ಮೊದಲು 5-10 ನಿಮಿಷ ಮೈ ಬೆಚ್ಚಗಾಗಲಿ. ಚುರುಕಾಗಿ ನಡೆಯಿರಿ, ಕೈಗಳನ್ನು ನಿಧಾನವಾಗಿ ವೃತ್ತಾಕಾರವಾಗಿ ತಿರುಗಿಸಿ, ಹೆಗಲೆಲುಬುಗಳನ್ನು ಹಿಂದಕ್ಕೆ ಕೂಡಿಸಿ ಬಿಡಿ. ಆಮೇಲೆ ಈ ಕ್ರಮ:

ಮೊದಲ ಮೆಟ್ಟಿಲು, ಗೋಡೆ. ಒಂದು ಹೆಜ್ಜೆ ದೂರ ನಿಂತು, ಎದೆಯ ಮಟ್ಟದಲ್ಲಿ ಗೋಡೆಗೆ ಅಂಗೈ ಊರಿ ಬಗ್ಗಿ ಏಳಿ.

ಎರಡನೆಯದು, ಅಡುಗೆಮನೆಯ ಕಟ್ಟೆ. ಕಟ್ಟೆಯ ಅಂಚಿಗೆ ಕೈ ಊರಿ ಮೈ ಓರೆಯಾಗಿಸಿ ಮಾಡುವುದು. ಕಟ್ಟೆ ಒದ್ದೆಯಿರಬಾರದು.

ಮೂರನೆಯದು, ಅಲುಗಾಡದ ಬೆಂಚು ಅಥವಾ ಮಂಚದ ಮರದ ಅಂಚು. ಮೈ ಇನ್ನಷ್ಟು ಓರೆಯಾಗುತ್ತದೆ, ಭಾರ ಹೆಚ್ಚುತ್ತದೆ.

ನಾಲ್ಕನೆಯದು, ನೆಲದ ಮೇಲೆ ಮಂಡಿಯೂರಿ. ಐದನೆಯದು, ಕಾಲು ಚಾಚಿ ಪೂರ್ಣ ರೂಪ. ಮೊಣಕೈಗಳು ಎರಡು ಪಕ್ಕಕ್ಕೆ ರೆಕ್ಕೆಯಂತೆ ಅಗಲವಾಗದೆ, ಮೈಗೆ ಸುಮಾರು 45 ಡಿಗ್ರಿ ಓರೆಯಲ್ಲಿರಲಿ.

ಗರಡಿಯ ದಂಡ, ಎಂದರೆ ಸೊಂಟ ಎತ್ತಿ ಎದೆಯನ್ನು ನೆಲಕ್ಕೆ ಸವರಿದಂತೆ ಮುಂದೆ ತರುವ ಕ್ರಮ, ಇದರ ನಂತರದ್ದು. ಡಬಲ್ ಬಾರ್ ಅದಕ್ಕೂ ನಂತರ. ಅಲ್ಲಿಯೂ ಮೊದಲು ಕಾಲು ನೆಲಕ್ಕೆ ತಾಗಿಸಿ ಆಸರೆ ಪಡೆಯಿರಿ, ಮೇಲ್ತೋಳು ನೆಲಕ್ಕೆ ಸಮಾನಾಂತರವಾದಲ್ಲಿಗೆ ನಿಲ್ಲಿಸಿ.

ಎಳೆಯುವ ಮೆಟ್ಟಿಲುಗಳು

ಮೊದಲನೆಯದು, ಕಾಲ್ಬೆರಳು ನೆಲಕ್ಕೆ ತಾಗುವಷ್ಟು ಎತ್ತರದ ಕಂಬಿ ಹಿಡಿದು 10ರಿಂದ 20 ಸೆಕೆಂಡು ನಿಲ್ಲುವುದು. ಎಷ್ಟು ಭಾರವನ್ನು ಕಾಲಿಗೆ ಬಿಡಬೇಕು, ಎಷ್ಟನ್ನು ಕೈಗೆ ಕೊಡಬೇಕು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ.

ಎರಡನೆಯದು ಹೆಗಲೆಲುಬಿನ ಎಳೆತ. ಕಾಲಿನ ಅದೇ ಆಸರೆಯಲ್ಲಿ, ಮೊಣಕೈ ಬಗ್ಗಿಸದೆ, ಭುಜಗಳನ್ನು ಮಾತ್ರ ಕಿವಿಯಿಂದ ದೂರ ಕೆಳಕ್ಕೆ ಎಳೆದು ಎರಡು ಸೆಕೆಂಡು ತಡೆದು ಬಿಡುವುದು. ನೋಡುವವರಿಗೆ ಏನೂ ನಡೆದಂತೆ ಕಾಣದು. ಆದರೆ ಮುಂದಿನ ಎಲ್ಲ ಎಳೆತಗಳಿಗೂ ಅಡಿಪಾಯ ಇದೇ. ಇದನ್ನು ಬಿಟ್ಟವರೇ ಹೆಚ್ಚು.

ಮೂರನೆಯದು, ಸೊಂಟದ ಎತ್ತರದ ಗಟ್ಟಿ ಕಂಬಿಯ ಕೆಳಗೆ ಹಿಮ್ಮಡಿ ಊರಿ, ಮೈ ಓರೆಯಾಗಿಸಿ ಎದೆಯನ್ನು ಕಂಬಿಯ ಕಡೆಗೆ ಎಳೆಯುವುದು.

ನಾಲ್ಕನೆಯದು ನಿಧಾನ ಇಳಿತ. ಸ್ಟೂಲಿನ ಮೇಲೆ ಹತ್ತಿ ಗದ್ದ ಕಂಬಿಯ ಮೇಲಿರುವಂತೆ ಹಿಡಿದು, 5 ಸೆಕೆಂಡು ತೆಗೆದುಕೊಂಡು ಇಳಿಯುವುದು. ಇದನ್ನು 3ರಿಂದ 5 ಸಲಕ್ಕೆ ಮೀರಿಸಬೇಡಿ. ಇಳಿಯುವಾಗಲೇ ಸ್ನಾಯುವಿಗೆ ಹೆಚ್ಚು ದಣಿವು.

ಐದನೆಯದು ಪೂರ್ಣ ಎಳೆತ. ಜೋಲಿಯಿಲ್ಲದೆ, ಮೊದಲು ಒಂದು, ಆಮೇಲೆ ಎರಡು.

ರಿಂಗ್ಸ್ ಇವೆಲ್ಲದರ ನಂತರ. ಕಂಬಿ ಅಲುಗುವುದಿಲ್ಲ, ರಿಂಗ್ಸ್ ಅಲುಗುತ್ತದೆ. ಅದನ್ನು ನಿಲ್ಲಿಸುವ ಹೊಣೆಯೂ ಆ ನಾಲ್ಕು ಸಣ್ಣ ಸ್ನಾಯುಗಳ ಮೇಲೇ ಬೀಳುತ್ತದೆ. ತರಬೇತುದಾರರಿಲ್ಲದೆ ಅದಕ್ಕೆ ಕೈಹಾಕಬೇಡಿ.

ಮುಂದಿನ ಮೆಟ್ಟಿಲಿಗೆ ಯಾವಾಗ?

ಲೆಕ್ಕ ಸರಳ. ನಿಧಾನ ಇಳಿತವನ್ನು ಬಿಟ್ಟು ಉಳಿದ ಮೆಟ್ಟಿಲುಗಳಲ್ಲಿ, ಈಗಿರುವುದನ್ನು 8ರಿಂದ 12 ಸಲದಂತೆ ಮೂರು ಸುತ್ತು, ರೂಪ ಕೆಡದೆ ಮಾಡಲು ಬರಬೇಕು. ಹಾಗೆ ಮಾಡಿದ ಮರುದಿನ ಬೆಳಿಗ್ಗೆ ಭುಜದಲ್ಲಿ ನೋವಿರಬಾರದು. ಇದು ಕನಿಷ್ಠ ಎರಡು ಮೂರು ವಾರ ಹೀಗೇ ನಡೆಯಬೇಕು. ಆಮೇಲೆ ಮುಂದಿನದು. ನಿಧಾನ ಇಳಿತದಲ್ಲಾದರೆ 5 ಸಲವೂ ಒಂದೇ ವೇಗದಲ್ಲಿ, ಜಗ್ಗಿಲ್ಲದೆ ಇಳಿಯಲು ಬಂದಿದ್ದರೆ ಸಾಕು.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಸಲಗಳ ಸಂಖ್ಯೆ, ಸುತ್ತುಗಳು, ಕಷ್ಟದ ಮಟ್ಟ ಈ ಮೂರರಲ್ಲಿ ಒಂದು ಸಾರಿಗೆ ಒಂದನ್ನೇ ಹೆಚ್ಚಿಸಿ. ನಾಲ್ಕನೆಯ ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿದರೆ ಒಳ್ಳೆಯದು. ನೂಕಿದಷ್ಟೇ ಎಳೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಮೆಟ್ಟಿಲು, ಸಲಗಳು, ಮರುದಿನದ ನೋವು ಇವಿಷ್ಟನ್ನು ಬರೆದಿಡಿ. ಮನಸ್ಸು ಅವಸರಪಡಿಸಿದಾಗ ಆ ನೋಟ್‌ಬುಕ್ ನಿಮ್ಮನ್ನು ತಡೆಯುತ್ತದೆ.

ಯಾವ ನೋವು ಒಳ್ಳೆಯದು, ಯಾವುದು ಕೆಟ್ಟದ್ದು?

ಹೊಸ ಕಸರತ್ತು ಮಾಡಿದ ಒಂದೆರಡು ದಿನ ಎದೆ, ತೋಳು, ಬೆನ್ನಿನ ಮಾಂಸಖಂಡ ಮುಟ್ಟಿದರೆ ನೋಯುವುದು ಸಹಜ. ಅದು ಸಾಮಾನ್ಯವಾಗಿ ಎರಡೂ ಬದಿಗಿರುತ್ತದೆ, ಹರಡಿಕೊಂಡಿರುತ್ತದೆ, ಮೂರು ನಾಲ್ಕು ದಿನದಲ್ಲಿ ತಾನೇ ಇಳಿಯುತ್ತದೆ.

ಕೀಲಿನ ನೋವು ಬೇರೆ. ಅದು ಹೆಚ್ಚಾಗಿ ಒಂದೇ ಭುಜದಲ್ಲಿ, ಮುಂಭಾಗದಲ್ಲಿ ಅಥವಾ ಹೊರಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಕೈಯನ್ನು ಪಕ್ಕಕ್ಕೆ ಎತ್ತುವಾಗ ನಡುದಾರಿಯಲ್ಲಿ, ಸುಮಾರು 60ರಿಂದ 120 ಡಿಗ್ರಿಗಳ ನಡುವೆ, ಚಳಕ್ಕೆನ್ನುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಇಂತಹ ನೋವಿನ ಮೇಲೆ ಕಸರತ್ತು ಮಾಡಬೇಡಿ.

ನೋವಿನ ಮಾತ್ರೆ ನುಂಗಿ ಕಂಬಿ ಹಿಡಿಯುವುದಂತೂ ಕೂಡದು. ನೋವು ಮನೆಗೆ ಬೆಂಕಿ ಬಿದ್ದಾಗ ಕೂಗುವ ಕಾವಲುಗಾರ. ಅವನ ಬಾಯಿಗೆ ಬಟ್ಟೆ ತುರುಕಿದರೆ ಬೆಂಕಿ ಆರುವುದಿಲ್ಲ.

ಹಾಗೆಂದು ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ವಾರಗಟ್ಟಲೆ ಇಡುವುದೂ ಸರಿಯಲ್ಲ, ಕೀಲು ಬಿಗಿಯುತ್ತದೆ. ನೋವು ತರುವ ಚಲನೆಯನ್ನು ಬಿಟ್ಟು, ನೋವಿಲ್ಲದ ಮೆಟ್ಟಿಲಿಗೆ ಇಳಿಯಿರಿ. ಎರಡು ಮೂರು ವಾರದಲ್ಲಿ ತಗ್ಗದಿದ್ದರೆ ಮೂಳೆ ತಜ್ಞರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ.

ಬಿದ್ದಾಗ ಭುಜದ ಆಕಾರ ಬದಲಾದರೆ, ಕೈ ಜೋಮು ಹಿಡಿದರೆ, ಒಮ್ಮೆಲೇ ಕೈ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜಾರಿದ ಭುಜವನ್ನು ಯಾರಿಂದಲೂ ಎಳೆಸಿ ಕೂರಿಸಿಕೊಳ್ಳಬೇಡಿ. ನರ, ರಕ್ತನಾಳಗಳಿಗೆ ಪೆಟ್ಟಾದೀತು. ಭುಜದ ನೋವಿನ ಜೊತೆ ಎದೆ ಹಿಡಿದಂತಾಗುವುದು, ಬೆವರು, ಉಬ್ಬಸ ಇದ್ದರೆ ಅದು ಹೃದಯದ ತೊಂದರೆಯಿರಬಹುದು. ಒಂದು ಕ್ಷಣವೂ ತಡಮಾಡಬೇಡಿ.

ಮನೆಮಂದಿಗೆಲ್ಲ

ಈ ಮೆಟ್ಟಿಲುಗಳು ತರುಣರಿಗಷ್ಟೇ ಅಲ್ಲ. ನಲವತ್ತು ದಾಟಿದ ಗೃಹಿಣಿ ಅಡುಗೆಮನೆಯ ಕಟ್ಟೆಯ ಬಳಿ ದಿನ ಬಿಟ್ಟು ದಿನ 10 ಸಲ ಬಗ್ಗಿ ಎದ್ದರೆ ಭುಜಕ್ಕೂ ಮೂಳೆಗೂ ಲಾಭವಿದೆ. ಅವರು ಮುಂದಿನ ಮೆಟ್ಟಿಲಿಗೆ ಹೋಗಲೇಬೇಕೆಂದೇನಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಬಿಗಿಯುವ ತೊಂದರೆ ಹೆಚ್ಚು. ಕೈ ದಿನದಿಂದ ದಿನಕ್ಕೆ ಕಡಿಮೆ ಏಳುತ್ತಿದ್ದರೆ ಕಸರತ್ತಿಗೆ ಮುನ್ನ ವೈದ್ಯರಿಗೆ ತೋರಿಸಿ. ರಕ್ತದೊತ್ತಡ, ಹೃದ್ರೋಗ ಇರುವವರೂ ಅಷ್ಟೇ. ಯಾರೇ ಆಗಲಿ ಉಸಿರು ಕಟ್ಟಿ ಜಗ್ಗಬಾರದು.

ಬೆಳೆಯುವ ಮಕ್ಕಳ ಮೂಳೆಯ ತುದಿಗಳು ಇನ್ನೂ ಮೆತ್ತಗಿರುತ್ತವೆ. ಅವರು ಆಡಲಿ, ಮರ ಹತ್ತಲಿ, ಸೂರ್ಯನಮಸ್ಕಾರ ಮಾಡಲಿ. ಸ್ಪರ್ಧೆಗಾಗಿ ನೂರು ದಂಡದ ಲೆಕ್ಕ ಹೇರಬೇಡಿ.

ಇದು ಹೊರಗಿನಿಂದ ಬಂದ ವಿದ್ಯೆಯೇನಲ್ಲ. ದಂಡ, ಬಸ್ಕಿ, ಮಲ್ಲಕಂಬ ನಮ್ಮ ಗರಡಿಮನೆಗಳಲ್ಲಿ ಬಹುಕಾಲದಿಂದ ಬಂದವು. 'ಶಾಂತಲಾ' ಕಾದಂಬರಿಯ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಎಷ್ಟೋ ತರುಣರ ಮೈಕಟ್ಟು ತಿದ್ದಿದವರು. ಒಳ್ಳೆಯ ಉಸ್ತಾದರು ಹೊಸಬನನ್ನು ಮೊದಲ ದಿನವೇ ಜೋಡಿಗೆ ಇಳಿಸುವುದಿಲ್ಲ. ಮಟ್ಟಿಯ ಮಣ್ಣು ಅಗೆದು ಹದಮಾಡು ಎನ್ನುತ್ತಾರೆ. ಅದು ಶಿಕ್ಷೆಯಲ್ಲ. ಮಣ್ಣು ಹದವಾಗುವಾಗ ಹುಡುಗನ ಭುಜವೂ ಹದವಾಗುತ್ತದೆ.

ಆ ಹುಡುಗ ಆ ಸಲದ ಭರ್ತಿಗೆ ಹೋಗಲಾಗಲಿಲ್ಲ. ನನ್ನೆದುರು ಕುಳಿತು ಅತ್ತ. ಕಾಲ್ಬೆರಳು ನೆಲಕ್ಕೆ ತಾಗಿಸಿ ನಿಲ್ಲು ಎಂದಾಗ ಅವನಿಗೆ ಅವಮಾನವೆನಿಸಿತು. ಹೆಗಲೆಲುಬಿನ ಎಳೆತದಲ್ಲೇ ಐದು ವಾರ ಕಳೆದ. ಮೊನ್ನೆ ತಾಯಿಯ ಜೊತೆ ಬಂದಿದ್ದ. ಐದು ತಿಂಗಳಾಗಿದೆ. ಜೋಲಿಯಿಲ್ಲದ 8 ಎಳೆತ ಬರುತ್ತದಂತೆ, ನೋವಿಲ್ಲ. ಮುಂದಿನ ಭರ್ತಿಗೆ ಇನ್ನೂ ಸಮಯವಿದೆ. "ಉಳಿದ ಎರಡಕ್ಕೆ ಅವಸರ ಇಲ್ಲ ಸಾರ್" ಎಂದ. ಅವನ ನೋಟ್‌ಬುಕ್ ತೆರೆದು ನೋಡಿದೆ. ದಿನಾಂಕ, ಮೆಟ್ಟಿಲು, ಸಲಗಳು ಎಲ್ಲ ಇದ್ದವು. ಕೊನೆಯ ಅಂಕಣದಲ್ಲಿ ಎರಡು ತಿಂಗಳಿಂದ ಒಂದೇ ಮಾತು ಬರೆದಿತ್ತು: ನೋವಿಲ್ಲ.